ಅಂಗಡಿಗೆ ಬಂದ ಕುರ್ಚಿ

ಆರು ವರ್ಷ ಆ ಔಷಧಿ ಅಂಗಡಿಯಲ್ಲಿ ದಿನಕ್ಕೆ ಹನ್ನೊಂದು ಗಂಟೆ ನಿಂತೇ ದುಡಿದೆ. ಕೊನೆಗೊಂದು ದಿನ ಊದಿದ ಕಾಲು ತೋರಿಸಿ ಮಾಲೀಕರನ್ನು ಮತ್ತೆ ಕುರ್ಚಿ ಕೇಳಿದೆ.

“ಫಾರ್ಮಸಿಸ್ಟು ಕೂತಿದ್ರೆ ಗಿರಾಕಿಗಳು ಏನಂದ್ಕೋತಾರಮ್ಮ? ಅಷ್ಟಕ್ಕೂ ಮಾತ್ರೆ ಕೊಡೋಕೆ ನೀನೇ ಆಗ್ಬೇಕಾ? ಯಾರಾದ್ರೂ ಸಾಕು.”

ಹಿಂದಿನ ದಿನವಷ್ಟೇ ಒಂದು ಕೂಸಿನ ಚೀಟಿಯಲ್ಲಿ ದೊಡ್ಡವರ ಡೋಸು ಬರೆದದ್ದನ್ನು ಹಿಡಿದವಳು ನಾನು. ಮೈ ಉರಿದುಹೋಯಿತು.

“ಹಾಗಾದ್ರೆ ಅಂಥವರನ್ನೇ ನಿಲ್ಲಿಸ್ಕೊಳ್ಳಿ. ನನ್ನ ಸರ್ಟಿಫಿಕೇಟು ಇಳಿಸಿ ಕೊಡಿ.”

ಅದು ಗಾಜಿನ ಚೌಕಟ್ಟಿನೊಳಗೆ, ದೇವರ ಪಟಗಳಿಗಿಂತ ಮೇಲೆ, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ ತೂಗುತ್ತಿತ್ತು. ಅದಿಲ್ಲದೆ ಅಂಗಡಿ ನಡೆಸುವಂತಿಲ್ಲ.

“ನೀನು ಬೇಕಾದ್ರೆ ಹೋಗು. ಅದು ಅಲ್ಲೇ ಇರುತ್ತೆ,” ಎಂದರು.

ಹೊರಟುಬಂದೆ.

ಮರುದಿನ ಬೆಳಿಗ್ಗೆ ಮಾಲೀಕರ ಫೋನು ಬಂತು. ದನಿ ಬೆಣ್ಣೆಯಾಗಿತ್ತು.

“ಡ್ರಗ್ ಇನ್ಸ್‌ಪೆಕ್ಟರ್ ಬಂದಿದಾರಮ್ಮ, ಫಾರ್ಮಸಿಸ್ಟ್ ಎಲ್ಲಿ ಅಂತಿದಾರೆ. ತಿಂಡಿಗೆ ಹೋಗಿದಾರೆ ಅಂದಿದೀನಿ. ಬೇಗ ಬಾ, ನಿಂಗೆ ಅಂತಲೇ ಕುರ್ಚಿನೂ ತರಿಸಿದೀನಿ.”

ಆಟೋ ಹಿಡಿದು ಹೋದೆ. ಹೊಸ ಕುರ್ಚಿ ಬಂದಿತ್ತು. ಅದರಲ್ಲಿ ಇನ್ಸ್‌ಪೆಕ್ಟರ್ ಕುಳಿತಿದ್ದರು.

“ನೋಡಿ ಸಾರ್, ಬಂದ್ರು ನಮ್ಮ ಫಾರ್ಮಸಿಸ್ಟು!” ಮಾಲೀಕರು ಹಲ್ಲು ಕಿರಿದರು.

ನಾನು ಚಪ್ಪಲಿ ಬಿಟ್ಟೆ.

“ಸಾರ್, ಸ್ವಲ್ಪ ಏಳ್ತೀರಾ? ಆ ಕುರ್ಚಿ ಹತ್ತಿದ್ರೆ ನನ್ನ ಸರ್ಟಿಫಿಕೇಟು ಕೈಗೆ ಎಟುಕುತ್ತೆ.”