ಗೌರವ್ವ ಕಾಕಿಯ ಮೊರ

ಈಗಲೂ ಜೋಳ ಹಸನು ಮಾಡಲು ಮೊರ ಹಿಡಿದರೆ, ಆ ಧೂಳಿನ ವಾಸನೆಗೆ ಗೌರವ್ವ ಕಾಕಿ ಕಣ್ಣ ಮುಂದೆ ಬಂದು ಕೂರುತ್ತಾಳೆ.

ಕಾಕಿ ಕನ್ನೊಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವಳು. ಅವಳ ಮಗಳು ಸುಮಿ ನನ್ನ ಜೊತೆ ಮೂರನೆಯ ಇಯತ್ತೆಯಲ್ಲಿದ್ದಳು. ಗುರುತಿನವನೊಬ್ಬ ಮನೆಗೆ ಬಿಡುತ್ತೇನೆಂದು ಶಾಲೆಯಿಂದ ಕರೆದೊಯ್ದು ಅವಳನ್ನು ಕೊಂದುಹಾಕಿದ್ದ. ಪೊಲೀಸರು ಅವನನ್ನು ಹಿಡಿದೊಯ್ದರು. ಆಮೇಲೆ ಕಾಕಿ ತನ್ನ ಮಧ್ಯಾಹ್ನದ ಕೆಲಸವನ್ನೆಲ್ಲ ಶಾಲೆಯ ದಾರಿಯ ಕಟ್ಟೆಗೆ ತಂದುಕೊಂಡಳು.

ಒಂದು ಮಧ್ಯಾಹ್ನ ಆ ದಾರಿಯಲ್ಲಿ ಸೈಕಲ್ಲಿನವನೊಬ್ಬ ನನ್ನ ಹತ್ತಿರ ನಿಂತ. "ಬಾ ತಂಗಿ, ಬಿಸಲೈತಿ, ಮನಿಗಿ ಬಿಡತೇನಿ."

ಕಾಕಿ ಮೊರ ಹಿಡಿದೇ ಎದ್ದು ಬಂದಳು. "ಆಕಿಗಿ ಕಾಲ ಅದಾವು. ನೀ ನಡಿ."

"ಯಾಕಬೇ, ನಾ ಇವರಪ್ಪನ ಗೆಳ್ಯಾ. ಗುರ್ತ ಸಿಗಲಿಲ್ಲೇನು?"

"ಸಿಕ್ಕೈತಿ. ಸುಮಿನ್ನ ಕರಕೊಂಡ ಹ್ವಾದಂವನ ಗುರ್ತನೂ ಇತ್ತಪಾ ನಮಗ."

ಅವನು ಪೆಡಲು ತುಳಿದ. ಕಾಕಿ ಮತ್ತೆ ಕುಳಿತು ಮೊರ ಅಲ್ಲಾಡಿಸತೊಡಗಿದಳು. ಅದರಲ್ಲಿ ಒಂದು ಹರಳೂ ಇರಲಿಲ್ಲ.

ಮನೆಗೆ ಬಂದು ಹೇಳಿದೆ: "ಯವ್ವಾ, ಕಾಕಿ ಹಸನಾದ ಜ್ವಾಳಾನ ಮತ್ತ ಹಸನ ಮಾಡಾಕತ್ಯಾಳ."

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಹುಡುಗೂರೆಲ್ಲಾ ಮನಿ ಮುಟ್ಟ್ಯಾರೇನು?"

"ಸಾವಿ ಒಬ್ಬಾಕಿ ಹಿಂದದಾಳ. ಚಪ್ಪಲಿ ಹರದೈತಿ, ಕುಂಟಕೋತ ಬರಾಕತ್ಯಾಳ."

"ಹಂಗಾರ ಕಾಕಿ ಇನ್ನೂ ಏಳೂದಿಲ್ಲ." ಅವ್ವ ತಂಬಿಗೆಯಲ್ಲಿ ನೀರು ತುಂಬಿ ಕೊಟ್ಟಳು. "ಬಿಸಲಾಗ ಕುಂತಾಳ, ಕೊಟ್ಟು ಬಾ."

ನಾನು ಕಟ್ಟೆ ಮುಟ್ಟುವವರೆಗೂ ಅವ್ವ ಕೈಯ ಹಿಟ್ಟು ತೊಳೆಯದೆ ಬಾಗಿಲಲ್ಲೇ ನಿಂತಿದ್ದಳು.