ಪೇಪರ್ ಪ್ಲೇಟಿನ ಸೊಸೆ

"ಇದೇನೇ ರಮೋನಾ, ಬೆಕ್ಕು ಹತ್ತೋ ಏಣಿನಾ?"

ಗಂಡನ ಅಕ್ಕ ವರ್ನಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ರಮೋನಾ ತಾನು ತಂದ ಮರದ ಸ್ಟ್ಯಾಂಡಿನ ಮಡಚಿದ ಕಾಲುಗಳನ್ನು ಬಿಡಿಸಿ, ಊಟದ ಮೇಜುಗಳ ಸಾಲು ಶುರುವಾಗುವ ಕಡೆ ನಿಲ್ಲಿಸಿದಳು. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕೂತು ಅವಳೇ ಕೊಯ್ದು, ಉಜ್ಜಿ, ಮೊಳೆ ಹೊಡೆದು ಮಾಡಿದ್ದು. ನಾಲ್ಕು ಗೂಟಗಳ ನಡುವೆ ಪೇಪರ್ ಪ್ಲೇಟುಗಳ ಅಟ್ಟಿ, ಅದರ ಮೇಲೊಂದು ಭಾರದ ಹಲಗೆ. ಪಕ್ಕದ ಕೊಳವೆಯಲ್ಲಿ ಲೋಟಗಳು. ಕೆಳಗಿನ ಮೂರು ಗೂಡುಗಳಲ್ಲಿ ಪ್ಲಾಸ್ಟಿಕ್ ಚಮಚ, ಫೋರ್ಕು, ಚಾಕು. ಎತ್ತಿಕೊಂಡು ಹೋಗಲು ಮೇಲೊಂದು ಹಿಡಿಕೆ ಬೇರೆ.

ಅಮೆರಿಕದ ಸೌತ್ ಡಕೋಟಾದ ಟ್ವೇಟ್ ಮನೆತನದವರು ಪ್ರತಿ ಜುಲೈಯಲ್ಲೂ ಕೆರೆಯಂಚಿನ ಈ ಬಯಲಿನಲ್ಲಿ ಸೇರುತ್ತಾರೆ. ಮನೆಗೊಂದು ಅಡುಗೆ. ಯಾರು ಏನು ತರಬೇಕೆಂದು ಪಟ್ಟಿ ಬರೆಯುವವಳು ವರ್ನಾ. ಯಾರ ಕೈರುಚಿಯ ಮೇಲೆ ನಂಬಿಕೆಯಿಲ್ಲವೋ ಅವರ ಹೆಸರಿನ ಮುಂದೆ 'ಪೇಪರ್ ಪ್ಲೇಟು' ಎಂದು ಬರೆಯುತ್ತಾಳೆ. ಅದರ ಅರ್ಥ ಎಲ್ಲರಿಗೂ ಗೊತ್ತು. ನ್ಯೂ ಮೆಕ್ಸಿಕೋದಿಂದ ಸೊಸೆಯಾಗಿ ಬಂದ ರಮೋನಾ ಮೊದಲ ವರ್ಷ ಕಾಳು ಬೇಯಿಸಿ ತಂದಿದ್ದಳು, ತವರಿನ ಅಳತೆಯಲ್ಲೇ ಮೆಣಸಿನಕಾಯಿ ಹಾಕಿ. ಚಿಟಿಕೆ ಕರಿಮೆಣಸಿಗೇ ಹಾ ಹೂ ಎನ್ನುವ ಜನ, ಪಾಪ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ನೀರಿನ ಕ್ಯಾನಿಗೆ ಮುತ್ತಿಗೆ ಹಾಕಿತ್ತು. ಅವತ್ತಿನಿಂದ ಇಪ್ಪತ್ತಾರು ವರ್ಷ ಅವಳ ಪಾಲಿಗೆ ಪೇಪರ್ ಪ್ಲೇಟೇ. ರೋಸಿಹೋಗಿತ್ತು ಅವಳಿಗೆ. ತರುವುದು ಪ್ಲೇಟೇ ಆದರೆ, ಈ ಪ್ಲೇಟನ್ನೇ ಇವರೆಲ್ಲ ಒಮ್ಮೆ ನಿಂತು ನೋಡಬೇಕು ಎಂದು ಹಟಕ್ಕೆ ಬಿದ್ದು ಮಾಡಿದ ಸ್ಟ್ಯಾಂಡು ಅದು.

"ಫೋರ್ಕು ಎಲ್ಲಾದ್ರೂ ಮೊದ್ಲೇ ಇಡ್ತಾರಾ? ಅದನ್ನ ಹಿಡ್ಕೊಂಡು ಬಡಿಸ್ಕೊಳ್ಳೋದು ಹೇಗೆ? ಸಾಲಿನ ಕೊನೇಲಿರ್ಬೇಕು ಅದು. ನಮ್ಮಮ್ಮನ ಕಾಲದಿಂದ್ಲೂ ಹಾಗೇ," ಎಂದಳು ವರ್ನಾ. "ದಾರಿಗೆ ಅಡ್ಡ ಬೇರೆ. ಆ ಮರದ ಹತ್ರ ಇಡು ಹೋಗು. ಪ್ಲೇಟು ನಾನೂ ತಂದಿದೀನಿ."

ಹೂವಿನ ಚಿತ್ರದ ದುಬಾರಿ ಪ್ಲೇಟುಗಳನ್ನು ಅವಳು ಮೇಜಿನ ಮೇಲೆ ಜೋಡಿಸಿ, ಮೇಲೊಂದು ಕೆಚಪ್ ಬಾಟಲಿ ಇಟ್ಟಳು.

"ಗಾಳಿ ಬಂದ್ರೆ?"

"ಗಾಳಿ ವಿಷ್ಯ ನೀನು ನಂಗೆ ಹೇಳ್ಕೊಡ್ತೀಯಾ? ನಾನು ಹುಟ್ಟಿದ್ದೇ ಇದ್ರಲ್ಲಿ."

ರಮೋನಾ ಸ್ಟ್ಯಾಂಡನ್ನು ಎತ್ತಿಕೊಂಡು ಹೋಗಿ ಐವತ್ತು ಹೆಜ್ಜೆ ಆಚೆಗಿನ ಮರದಡಿ ಇಟ್ಟಳು. ಮೇಜಿನ ಕಡೆ ವಾಪಸು ಹೋಗಲು ಮನಸ್ಸಾಗಲಿಲ್ಲ. ಅಲ್ಲೇ ನಿಂತಳು.

ಅಷ್ಟರಲ್ಲಿ ಹಾಲ್ವರ್ ದೊಡ್ಡಪ್ಪ ಊಟದ ಪ್ರಾರ್ಥನೆ ಶುರು ಮಾಡಿದ. ತೊಂಬತ್ತೊಂದು ವರ್ಷದ ಹಿರಿಯ. ಅವನ ಪ್ರಾರ್ಥನೆ ಮುಗಿಯುವ ತನಕ ಟ್ವೇಟ್ ಮನೆತನದಲ್ಲಿ ಯಾರೂ ಕಣ್ಣು ಬಿಡುವಂತಿಲ್ಲ, ಕದಲುವಂತಿಲ್ಲ. ಮಳೆಗೆ ವಂದನೆ ಆಯಿತು, ಗೋದಿಗೆ ಆಯಿತು. ತೀರಿಕೊಂಡವರನ್ನು ಹೆಸರು ಹಿಡಿದು, ಇಸವಿ ಸಮೇತ ನೆನೆಯಲು ಶುರುವಾಯಿತು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕಕ್ಕೆ ಬಂದಾಗ ಗಾಳಿ ಎದ್ದಿತು.

ರಮೋನಾ ಒಂದೇ ಕಣ್ಣು ಬಿಟ್ಟು ನೋಡಿದಳು. ಕೆಚಪ್ ಬಾಟಲಿ ಮಗುಚಿತು. ಒಂದು ಪ್ಲೇಟು ಹಾರಿತು. ಹಿಂದೆಯೇ ಹತ್ತು, ಆಮೇಲೆ ಇಡೀ ಅಟ್ಟಿಯೇ ಎದ್ದು ಕೆರೆಯ ಕಡೆ ಹೊರಟಿತು. ವರ್ನಾಳೂ ಕಣ್ಣು ಬಿಟ್ಟಿದ್ದಳು. ಎರಡು ಹೆಜ್ಜೆ ಹಾಕಿದ್ದರೆ ಹಿಡಿಯಬಹುದಿತ್ತು. ಆದರೆ ದೊಡ್ಡಪ್ಪನ ಪ್ರಾರ್ಥನೆಯ ನಡುವೆ ಹೆಜ್ಜೆ ಹಾಕುವುದುಂಟೇ? ಕೈ ಜೋಡಿಸಿಕೊಂಡೇ ತನ್ನ ಪ್ಲೇಟುಗಳು ಹೋಗುವುದನ್ನು ನೋಡುತ್ತ ನಿಂತಳು. ಮರದಡಿಯ ಸ್ಟ್ಯಾಂಡಿನಿಂದ ಒಂದು ಚಮಚವೂ ಅಲುಗಲಿಲ್ಲ.

"ಆಮೆನ್."

ಅರವತ್ತೆರಡು ಜನ ಕಣ್ಣು ಬಿಟ್ಟರು. ಬಿಸಿ ಆರುತ್ತಿದ್ದ ಕೋಳಿ, ಆಲೂಗಡ್ಡೆ ಸಲಾಡು, ಸಿಹಿ. ಬಡಿಸಿಕೊಳ್ಳಲು ಮೇಜಿನ ಮೇಲೆ ಒಂದೂ ಪ್ಲೇಟಿಲ್ಲ. ಕೆರೆಯ ತುಂಬಾ ಹೂವಿನ ಪ್ಲೇಟುಗಳು ತೇಲುತ್ತಿದ್ದವು. ಯಾರೋ ಕಿಸಕ್ಕೆಂದರು. ವರ್ನಾ ಯಾರ ಮುಖವನ್ನೂ ನೋಡದೆ ಉಟ್ಟ ಬಟ್ಟೆ ಎತ್ತಿಹಿಡಿದು, ಪ್ಲೇಟು ಹೆಕ್ಕಲು ನೀರಿಗಿಳಿದಳು.

ರಮೋನಾ ಸ್ಟ್ಯಾಂಡಿನ ಹಿಡಿಕೆಗೆ ಕೈ ಹಾಕಿದಳು.

"ಅದನ್ನ ಮುಟ್ಬೇಡ," ದೊಡ್ಡಪ್ಪನ ದನಿ ಕೇಳಿತು.

"ಹಗುರಾಗಿದೆ ದೊಡ್ಡಪ್ಪ, ಈಗ್ಲೇ ತರ್ತೀನಿ."

"ನೆಟ್ಟಗೆ ನಿಂತಿರೋದು ಅದೊಂದೇ, ಅದನ್ಯಾಕಮ್ಮ ಕದಲಿಸ್ತೀಯ?" ಅವನು ಗಂಡಸರ ಕಡೆ ತಿರುಗಿ ಊರುಗೋಲು ಎತ್ತಿದ. "ಏನ್ರೋ ನೋಡ್ತಾ ನಿಂತಿದೀರಿ? ಮೇಜು ಎತ್ಕೊಂಡ್ ಹೋಗ್ರೋ ಅಲ್ಲಿಗೆ."

ನಾಲ್ಕು ನಾಲ್ಕು ಜನ ಒಂದೊಂದು ಮೇಜಿಗೆ ಹೆಗಲು ಕೊಟ್ಟರು. ಸಲಾಡು ಚೆಲ್ಲದಂತೆ, ನಗುತ್ತ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಇಡೀ ಊಟವನ್ನು ಹೊತ್ತು ಹುಲ್ಲಿನ ಮೇಲೆ ನಡೆದುಬಂದರು. ರಮೋನಾಳ ಎದೆ ಉಬ್ಬಿತು. ಟ್ವೇಟರ ಮೇಜುಗಳು ಒಂದೊಂದಾಗಿ ಅವಳ ಸ್ಟ್ಯಾಂಡಿನ ಪಕ್ಕಕ್ಕೆ ಬಂದು ಕೂತವು. ಸಾಲು ಅವಳಿಂದ ಶುರುವಾಯಿತು. ಪ್ಲೇಟು ತೆಗೆದುಕೊಂಡ ಪ್ರತಿಯೊಬ್ಬರೂ ಸ್ಟ್ಯಾಂಡನ್ನು ಒಮ್ಮೆ ತಟ್ಟಿ, ಬಗ್ಗಿ ನೋಡಿ, "ನೀನೇ ಮಾಡಿದ್ದಾ?" ಎಂದು ಕೇಳಿ ಮುಂದೆ ಹೋದರು. ಹೌದು, ನಾನೇ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಲೇ ಇಲ್ಲ.

ಸಾಲಿನ ಕೊನೆಗೆ ವರ್ನಾ ಬಂದಳು. ಮೊಣಕಾಲವರೆಗೆ ಒದ್ದೆ. ಹಲಗೆಯನ್ನು ಎತ್ತುವುದು ಹೇಗೆಂದು ತಿಳಿಯದೆ ತಡಕಾಡಿದಳು. ರಮೋನಾ ಎತ್ತಿಕೊಟ್ಟಳು. ಪ್ಲೇಟು ಬಾಗದಿರಲೆಂದು ಎಲ್ಲರೂ ಮಾಡುವಂತೆ ವರ್ನಾ ಎರಡು ಪ್ಲೇಟು ಸೇರಿಸಿ ತೆಗೆದಳು.

"ಒಂದೇ ತಗೋ ವರ್ನಾ," ಎಂದಳು ರಮೋನಾ. "ಎರಡನೇ ಸಲ ಬರೋರಿಗೂ ಬೇಕು."

ಸಾಲಿನವರೆಲ್ಲ ತಿರುಗಿ ನೋಡಿದರು. ವರ್ನಾ ಎರಡನೆಯ ಪ್ಲೇಟನ್ನು ವಾಪಸು ಇಟ್ಟು, ಹಲಗೆಯನ್ನು ಅದರ ಮೇಲೆ ತಾನೇ ಎರಡೂ ಕೈಯಿಂದ ಒತ್ತಿ ಕೂರಿಸಿದಳು.