ಅಂಬ್ರಪ್ಪನ ರೊಟ್ಟಿ

ಮಗ ಅಯ್ಯಪ್ಪನನ್ನು ಕರೆದುಕೊಂಡು ಅವನಿಗೆ ಹೆಣ್ಣು ನೋಡಲು ಕೆಂಭಾವಿಯಿಂದ ಬಂದ ಲಾಲಮ್ಮ, ಊಟಕ್ಕೆ ಅನ್ನ ಒಲ್ಲೆ, ಬಿಸಿ ಜೋಳದ ರೊಟ್ಟಿಯೇ ಬೇಕು ಎಂದುಬಿಟ್ಟಳು. ಒಳಗೆ ತಿಮ್ಮವ್ವನ ಜೀವ ಬಾಯಿಗೆ ಬಂತು. ಭತ್ತ ಕೊಯ್ಯುವಾಗ ಕುಡುಗೋಲು ತಾಗಿ ಅವಳ ಬಲಗೈಗೆ ಪಟ್ಟಿ ಬಿದ್ದಿತ್ತು. ಮಗಳು ಮೋನಮ್ಮನೋ, ಕಾಲುವೆ ನೀರು ಬಂದು ಊರೆಲ್ಲ ಭತ್ತವಾದ ಮೇಲೆ ಅನ್ನ ಉಂಡೇ ಬೆಳೆದ ಪುಣ್ಯಾತ್ಗಿತ್ತಿ. ಅವಳು ಬಡಿದ ರೊಟ್ಟಿ ಹೆಂಚು ಮುಟ್ಟುವುದರೊಳಗೆ ಮೂರು ಹೋಳು.

ಅವಳಪ್ಪ ಅಂಬ್ರಪ್ಪನೇ ಅಂಗಿಯ ತೋಳು ಮಡಚಿ ಹಿಟ್ಟಿನ ಪರಾತದ ಮುಂದೆ ಕುಂತೇಬಿಟ್ಟ.

ಪಡಸಾಲೆಯಲ್ಲಿ ಲಾಲಮ್ಮ ಎರಡು ರೊಟ್ಟಿ ಮುಗಿಸಿ, ಹುಡುಗಿಯ ಕೈಗುಣ ಹೊಗಳಿ ಹೊಗಳಿ ಇಟ್ಟಳು. ಅಷ್ಟರಲ್ಲಿ ಮೋನಮ್ಮ ನೀರಿನ ಕೊಡ ಹೊತ್ತು ಅಂಗಳದಿಂದ ಬರಬೇಕೇ! ಹುಡುಗಿ ಹೊರಗೆ, ರೊಟ್ಟಿ ಬಡಿಯುವ ಸದ್ದು ಒಳಗೆ. ಲಾಲಮ್ಮ ತಾಟು ಹಿಡಿದೇ ಎದ್ದು ಹೋಗಿ ಇಣುಕಿದಳು. ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡ ಬೀಗ ಕಂಡ.

"ಇದನ್ನೆಲ್ಲಿ ಕಲ್ತೀರಿ?"

ಪುಣೆಯ ಹೋಟೆಲಿನಲ್ಲಿ ಎಂದು ತಿಮ್ಮವ್ವನ ತಮ್ಮ ಸಂಗಣ್ಣ ಅಡ್ಡಬಾಯಿ ಹಾಕಿದ. ಭಾವ ಹನ್ನೊಂದು ವರ್ಷ ಪುಣೆಯಲ್ಲಿ ದುಡಿದನೆಂದು ಹೇಳಿಯೇ ಅವನು ಈ ಸಂಬಂಧ ಕುದುರಿಸಿದ್ದು. ಆದರೆ ಯಾರದೋ ಸುಳ್ಳು ಸಾಕ್ಷಿಗೆ ಹನ್ನೊಂದು ವರ್ಷ ತೆತ್ತ ಅಂಬ್ರಪ್ಪನಿಗೆ ಆ ಮಾತಿಗೆ ಹೂಂ ಅನ್ನಲಾಗಲಿಲ್ಲ.

"ಜೇಲಿನಾಗ ಕಲ್ತೀನ್ರಿ ಅಕ್ಕಾರ. ಕಾಲುವಿ ನೀರಿನ ಜಗಳದಾಗ ಒಂದು ಖೂನಿ ಆತು. ನಾ ಅಲ್ಲಿ ಇರಲೇ ಇಲ್ಲ. ನಂದು ತಪ್ಪಿಲ್ಲಂತ ದೊಡ್ಡ ಕೋರ್ಟು ಬಿಟ್ಟು ಎಂಟು ತಿಂಗಳಾತು."

ಸಂಗಣ್ಣ ತಲೆ ಮೇಲೆ ಕೈಹೊತ್ತ. ತಿಮ್ಮವ್ವ ಕಣ್ಣು ಮುಚ್ಚಿಕೊಂಡಳು. ಮಗಳ ಸಂಬಂಧ ಮುರಿಯಿತು ಅಂದುಕೊಂಡ ಅಂಬ್ರಪ್ಪ. ಆದರೂ ಎದೆ ಹಗುರಾಗಿತ್ತು.

"ರೊಟ್ಟಿ ಸೀಯಾಕತ್ತದ, ಹೊಳ್ಳಿಸ್ರಿ," ಎಂದಳು ಲಾಲಮ್ಮ.

ಅಲ್ಲೇ ಒಲೆಯ ಪಕ್ಕ ಕುಂತಳು. ಒಂದೊಂದೇ ಕೇಳಿದಳು. ಅವನು ಹೇಳುತ್ತ ಬಡಿದ, ಅವಳು ಕೇಳುತ್ತ ತಿಂದಳು. ಜೈಲಿನಲ್ಲಿ ದಿನಕ್ಕೆ ಆರುನೂರು ರೊಟ್ಟಿ ಎಂದಾಗ ಒಮ್ಮೆ ಕಣ್ಣೊರೆಸಿಕೊಂಡು, ಮತ್ತೊಂದು ಹಾಕಿಸಿಕೊಂಡಳು. ತಿಮ್ಮವ್ವ ಮೆಲ್ಲಗೆ ಬೆಣ್ಣೆ ತಂದಿಟ್ಟಳು.

ಕೈ ತೊಳೆದು ಲಾಲಮ್ಮ ಹೇಳಿದಳು: "ಹುಡುಗಿ ನಮಗ ಒಪ್ಪಿಗಿ. ರೊಟ್ಟಿ ಮಾತ್ರ ಆಕಿಗಿ ಕಲಿಸಬ್ಯಾಡ್ರಿ."

ಅಂಬ್ರಪ್ಪ ಬೆಪ್ಪಾಗಿ ನೋಡಿದ. ಅವಳು ಪಡಸಾಲೆಯಲ್ಲಿ ನಾಚಿ ಕುಂತಿದ್ದ ಅಯ್ಯಪ್ಪನ ಕಡೆ ಬೆರಳು ಮಾಡಿದಳು.

"ಇವನ್ನ ಎಂಟು ದಿನ ನಿಮ್ಮನ್ಯಾಗ ಬಿಟ್ಟು ಹೋಗ್ತೀನಿ. ಇವಗ ಕಲಿಸ್ರಿ. ನನ್ನ ಮಗ ಜೇಲಿಗಿ ಹೋಗಲಾರದೇ ಕಲೀಲಿ."